ತಗಚೆಯೋ ದೊಡ್ಡ ತಗಚೆಯೋ: ಹಳದಿ ಹೂವಿನ ಕಾಡುಗಿಡಗಳನ್ನು ಬೇರೆ ಮಾಡಿ ನೋಡುವ ಬಗೆ

ಮುಂಗಾರು ಹಿಡಿದು ಕೆಲವು ವಾರ ಕಳೆಯುವಷ್ಟರಲ್ಲಿ ರಸ್ತೆಯಂಚು, ಗದ್ದೆಯ ಬದು, ಶಾಲೆಯ ಮೈದಾನ, ಪಾಳುಬಿದ್ದ ನಿವೇಶನ ಎಲ್ಲ ಕಡೆಯೂ ತಗಚೆ ಏಳುತ್ತದೆ. ಕೆಲವರು ಚಗಚೆ ಎನ್ನುತ್ತಾರೆ. ತುಳುವರಿಗೆ ಇದು ತಜಂಕ್, ಕೊಂಕಣಿಗರಿಗೆ ತೈಕಿಳೊ. ಆಟಿ ತಿಂಗಳ ಮಳೆಯಲ್ಲಿ ಇದರ ಎಳೆಯ ಕುಡಿಯನ್ನು ಚಿವುಟಿ ತಂದು ಪಲ್ಯ, ಚಟ್ನಿ, ಅಂಬಡೆ ಮಾಡುವುದು ಕರಾವಳಿಯ ಹಳೆಯ ರೂಢಿ. ಅದೇ ಬದುವಿನಲ್ಲಿ, ಎಷ್ಟೋ ಸಲ ಅದರ ಪಕ್ಕಕ್ಕೇ ಅಂಟಿಕೊಂಡು, ದೊಡ್ಡ ತಗಚೆಯೂ ಬೆಳೆದಿರುತ್ತದೆ. ಹೂವು ಅದೇ ಹಳದಿ, ಎಲೆ ಅದೇ ಜೋಡಿಜೋಡಿ, ಜಜ್ಜಿದರೆ ಅದೇ ಬಗೆಯ ಕಟುವಾಸನೆ. ಆದರೆ ಅದರ ಬೀಜ ವಿಷ.

ಇದು ಸುಮ್ಮನೆ ಹೆದರಿಸುವ ಮಾತಲ್ಲ. ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳಲ್ಲಿ ವರ್ಷವರ್ಷವೂ ಮಳೆಗಾಲ ಮುಗಿಯುವ ಹೊತ್ತಿಗೆ ಪುಟ್ಟ ಮಕ್ಕಳು ಇದ್ದಕ್ಕಿದ್ದಂತೆ ವಾಂತಿ ಮಾಡಿಕೊಂಡು, ಎಚ್ಚರ ತಪ್ಪಿ ಸಾಯುತ್ತಿದ್ದರು. ಬಹುಕಾಲ ಅದನ್ನು ವೈರಸ್‌ನಿಂದ ಬರುವ ಮೆದುಳುಜ್ವರ ಎಂದೇ ಭಾವಿಸಲಾಗಿತ್ತು. ಯಕೃತ್ತು, ಸ್ನಾಯು, ಮೆದುಳು ಮೂರನ್ನೂ ಒಟ್ಟಿಗೆ ಕೆಡಿಸುವ ಈ ಕಾಯಿಲೆಗೆ ದೊಡ್ಡ ತಗಚೆಯ ಬೀಜವೇ ಕಾರಣವಿರಬೇಕು ಎಂದು ವೈದ್ಯರು 2007ರಲ್ಲಿ ಪ್ರಕಟಿಸಿದರು. ಮಕ್ಕಳು ಆಟವಾಡುತ್ತ ಬೇಲಿಯಂಚಿನ ಕಾಯಿ ಬಿಡಿಸಿ ತಿಂದಿದ್ದರು. ಈ ಎರಡು ಗಿಡಗಳನ್ನು ಬೇರೆ ಮಾಡಿ ನೋಡಲು ಬರುವುದು ಹವ್ಯಾಸಿಗಳಿಗೆ ಮಾತ್ರ ಬೇಕಾದ ವಿದ್ಯೆ ಎಂದು ನಾನು ಒಪ್ಪುವುದಿಲ್ಲ. ಸೊಪ್ಪು ಕೊಯ್ಯುವ ಪ್ರತಿಯೊಬ್ಬರಿಗೂ, ಹಳ್ಳಿಶಾಲೆಯ ಪ್ರತಿಯೊಬ್ಬ ಶಿಕ್ಷಕರಿಗೂ ಅದು ಗೊತ್ತಿರಬೇಕು.

ತೊಡಕಿರುವುದು ಇಲ್ಲಿ: ಸೊಪ್ಪು ಕೊಯ್ಯುವ ಕಾಲಕ್ಕೆ ಗಿಡದಲ್ಲಿ ಹೂವೂ ಇಲ್ಲ, ಕಾಯಿಯೂ ಇಲ್ಲ. ಹೂಗಿಡಗಳ ಚಿತ್ರಪುಸ್ತಕ ಹಿಡಿದು ಹೋದವರು ಆಗ ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ. ಹೂವು ಬಂದ ಮೇಲಾದರೂ ಅದರ ಬಣ್ಣದಿಂದ ಪ್ರಯೋಜನವಿಲ್ಲ. ಈ ಕುಲದಲ್ಲಿ ನಮ್ಮ ಕಡೆ ಕಾಡುಗಿಡವಾಗಿ ಬೆಳೆಯುವುದೆಲ್ಲ ಹಳದಿ ಹೂವಿನದೇ. ಹಾಗಾಗಿ ಮೊದಲು ನೋಡಬೇಕಾದದ್ದು ಎಲೆಯ ಕಡ್ಡಿಯ ಮೇಲಿರುವ ಒಂದು ಸಣ್ಣ ಗ್ರಂಥಿಯನ್ನು. ಹೂವಿನ ಸರದಿ ಕೊನೆಗೆ.

ಹೊರಡುವ ಮುನ್ನ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಪುಟ್ಟ ಭೂತಗನ್ನಡಿ, ಒಂದು ಅಳತೆಪಟ್ಟಿ, ಟಿಪ್ಪಣಿ ಪುಸ್ತಕ ಇದ್ದರೆ ಸಾಕು. ಭೂತಗನ್ನಡಿ ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾದಲ್ಲಿ ಹತ್ತಿರದಿಂದ ಚಿತ್ರ ತೆಗೆದು ಹಿಗ್ಗಿಸಿ ನೋಡಬಹುದು. ಬೆಳಿಗ್ಗೆಯೇ ಹೋಗಿ. ಸಂಜೆಯಾಗುತ್ತಲೇ ಈ ಗಿಡಗಳ ಕಿರುಎಲೆಗಳು ಮಡಚಿಕೊಂಡು ಜೋತುಬೀಳುತ್ತವೆ. ಆಮೇಲೆ ಎಲೆಯ ಆಕಾರವೇ ತಿಳಿಯುವುದಿಲ್ಲ.

ಮೊದಲು: ಇದು ತಗಚೆಯ ಕುಲದ್ದೇ ಹೌದೇ?

ಎಲೆಯನ್ನು ಬುಡಸಮೇತ ಕಾಂಡದಿಂದ ಬಿಡಿಸಿ ಅಂಗೈ ಮೇಲಿಟ್ಟುಕೊಳ್ಳಿ. ನಡುವೆ ಒಂದು ಕಡ್ಡಿ, ಅದರ ಎರಡು ಬದಿಗೂ ಎದುರುಬದುರಾಗಿ ಕಿರುಎಲೆಗಳ ಜೋಡಿಗಳು. ಕಡ್ಡಿಯ ತುದಿಯಲ್ಲಿ ಒಂಟಿ ಕಿರುಎಲೆ ಇರಬಾರದು, ಜೋಡಿಯೇ ಇರಬೇಕು. ಒಂಟಿ ಕಿರುಎಲೆ ಕಂಡರೆ ಅದು ಬೇರೆ ಯಾವುದೋ ಗಿಡ.

ಶೇಂಗಾ ಹೊಲದಲ್ಲಿ ಎಳೆಯ ತಗಚೆ ಶೇಂಗಾ ಗಿಡದೊಳಗೇ ಅಡಗಿ ಕುಳಿತಿರುತ್ತದೆ. ಶೇಂಗಾಕ್ಕೆ ಎರಡೇ ಜೋಡಿ, ಅಂದರೆ ನಾಲ್ಕು ಕಿರುಎಲೆ. ಕಡ್ಡಿಯ ಮೇಲೆ ಗ್ರಂಥಿ ಇರುವುದಿಲ್ಲ.

ಇನ್ನೊಂದು ಗುಂಪು ತೀರ ಹತ್ತಿರದ ನೆಂಟರದು. ನೆಲಕ್ಕೆ ಹತ್ತಿರವಾಗಿ, ಮುಟ್ಟಿದರೆ ಮುನಿಯ ಎಲೆಯಂತೆ ಬಹಳ ಸಣ್ಣ ಸಣ್ಣ ಕಿರುಎಲೆಗಳನ್ನು ಒತ್ತೊತ್ತಾಗಿ ಹೊತ್ತು ಹಳದಿ ಹೂ ಬಿಡುವ ಗಿಡಗಳು ಕಂಡರೆ ಅವು ಕೆಮಿಕ್ರಿಸ್ಟಾ ಕುಲದವು. ಅವುಗಳ ಕಾಯಿ ಒಣಗಿದಾಗ ಎರಡು ಹೋಳಾಗಿ ಸಿಡಿದು, ಹೋಳುಗಳು ತಿರುಚಿಕೊಳ್ಳುತ್ತವೆ. ತಗಚೆಯ ಕುಲದಲ್ಲಿ ಕಾಯಿ ಹಾಗೆ ಸಿಡಿಯುವುದಿಲ್ಲ. ಮೊದಲು ಕಕ್ಕೆ ಮರ, ತಗಚೆ, ಈ ಸಣ್ಣೆಲೆಯ ಗಿಡಗಳು ಎಲ್ಲವೂ ಕ್ಯಾಸಿಯಾ ಎಂಬ ಒಂದೇ ಕುಲದಲ್ಲಿದ್ದವು. 1982ರಲ್ಲಿ ಇರ್ವಿನ್ ಮತ್ತು ಬಾರ್ನೆಬಿ ಎಂಬ ಸಸ್ಯಶಾಸ್ತ್ರಜ್ಞರು ಅದನ್ನು ಮೂರಾಗಿ ಬಿಡಿಸಿದರು. ಕಕ್ಕೆ ಕ್ಯಾಸಿಯಾದಲ್ಲೇ ಉಳಿಯಿತು, ತಗಚೆ ಮತ್ತು ತಂಗಡಿ ಸೆನ್ನಾ ಆದವು. ಹಳೆಯ ಪುಸ್ತಕದಲ್ಲಿ ತಗಚೆಯ ಹೆಸರು ಕ್ಯಾಸಿಯಾ ಟೋರಾ ಎಂದಿದ್ದರೆ, ಹೊಸದರಲ್ಲಿ ಅದು ಸೆನ್ನಾ ಟೋರಾ. ಗಿಡ ಒಂದೇ.

ಗ್ರಂಥಿಯನ್ನು ಹುಡುಕುವುದು

ಈ ಹೆಜ್ಜೆಗೆ ಹೆಚ್ಚು ಹೊತ್ತು ಕೊಡಿ, ಮಿಕ್ಕಿದ್ದೆಲ್ಲ ಇದರ ಮೇಲೆ ನಿಂತಿದೆ. ಎಲೆಯ ಮೇಲ್ಮುಖ ನಿಮ್ಮ ಕಡೆ ಇರಲಿ. ಕಾಂಡಕ್ಕೆ ಅಂಟಿದ್ದ ಬುಡದಿಂದ ತುದಿಯವರೆಗೆ ಕಡ್ಡಿಯ ಮೇಲೆ ನಿಧಾನವಾಗಿ ಕಣ್ಣು ಹಾಯಿಸಿ. ಎಲ್ಲೋ ಒಂದು ಕಡೆ ಒಂದೆರಡು ಮಿಲಿಮೀಟರ್ ಉದ್ದದ ಮೊಳೆಯೋ ಗುಂಡಗಿನ ಗುಬುಟೋ ಎದ್ದು ನಿಂತಿರುತ್ತದೆ. ಎಳೆಯ ಎಲೆಯಲ್ಲಿ ಅದು ಹೊಳೆಯುತ್ತದೆ, ಕೆಲವು ಗಿಡಗಳಲ್ಲಿ ಕಿತ್ತಳೆ ಬಣ್ಣಕ್ಕಿರುತ್ತದೆ, ಬಲಿತ ಎಲೆಯಲ್ಲಿ ಒಣಗಿ ಕಪ್ಪಾಗಿರುತ್ತದೆ. ಅದರಿಂದ ಸಿಹಿರಸ ಒಸರುತ್ತದೆ. ಹೂವಿನ ಹೊರಗೆ, ಎಲೆಯ ಮೇಲೆ ಸಿಗುವ ಈ ಮಕರಂದಕ್ಕೆ ಇರುವೆಗಳು ಬರುತ್ತವೆ. ಬಂದ ಇರುವೆಗಳು ಎಲೆ ತಿನ್ನುವ ಹುಳುಗಳನ್ನು ದೂರವಿಡುತ್ತವೆ. ಹಾಗಾಗಿ ಗ್ರಂಥಿ ಕಣ್ಣಿಗೆ ಬೀಳದಿದ್ದರೆ ಇರುವೆಯನ್ನು ನೋಡಿ. ಒಂದೇ ಬಗೆಯ ಜಾಗದಲ್ಲಿ ಎಲೆ ಎಲೆಗೂ ಇರುವೆ ತಲೆಯಿಟ್ಟು ನಿಂತಿದ್ದರೆ ಗ್ರಂಥಿ ಅಲ್ಲೇ ಇದೆ.

ಈಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಗ್ರಂಥಿ ಎಲೆತೊಟ್ಟಿನ ಬುಡದಲ್ಲಿದೆಯೋ, ಕಿರುಎಲೆಗಳ ಜೋಡಿಯ ನಡುವೆ ಇದೆಯೋ?

ಜೋಡಿಯ ನಡುವೆ, ಅದೂ ಕೆಳಗಿನ ಒಂದು ಅಥವಾ ಎರಡು ಜೋಡಿಯ ನಡುವೆ ಮಾತ್ರ ಇದ್ದು, ಕಿರುಎಲೆಗಳು ಮೂರೇ ಜೋಡಿಯಾಗಿದ್ದರೆ ಅದು ತಗಚೆ. ಕಿರುಎಲೆಯ ತುದಿ ದುಂಡು, ಬುಡ ಕಿರಿದು. ತುದಿಯ ಜೋಡಿ ಎಲ್ಲಕ್ಕಿಂತ ದೊಡ್ಡದು.

ತೊಟ್ಟಿನ ಬುಡದಲ್ಲಿ, ಕಾಂಡಕ್ಕೆ ಸೇರುವ ದಪ್ಪ ಗಂಟಿನ ಸ್ವಲ್ಪ ಮೇಲೆ, ಒಂದೇ ಒಂದು ಗುಂಡಗಿನ ಗ್ರಂಥಿ ಇದ್ದು ಮೇಲೆಲ್ಲೂ ಇಲ್ಲದಿದ್ದರೆ, ಕಿರುಎಲೆಗಳು ನಾಲ್ಕರಿಂದ ಆರು ಜೋಡಿಯಾಗಿ ತುದಿ ಚೂಪಾಗಿದ್ದರೆ, ಅದು ದೊಡ್ಡ ತಗಚೆ, ಸೆನ್ನಾ ಆಕ್ಸಿಡೆಂಟಾಲಿಸ್. ಆಯುರ್ವೇದ ತಗಚೆಯನ್ನು ಚಕ್ರಮರ್ದ ಎಂದೂ ಇದನ್ನು ಕಾಸಮರ್ದ ಎಂದೂ ಬೇರೆ ಬೇರೆಯಾಗಿಯೇ ಹೆಸರಿಸಿದೆ.

ಎಳೆಯ ಸಸಿಯಲ್ಲಿ ನೋಡುವಾಗ ಮೊದಲ ಎರಡು ಮೂರು ಎಲೆಗಳನ್ನು ಬಿಟ್ಟುಬಿಡಿ. ಮೊಳಕೆಯ ಎಲೆಗಳಲ್ಲಿ ಜೋಡಿಗಳು ಕಡಿಮೆ ಇರುತ್ತವೆ, ಆಕಾರವೂ ಪೂರ್ತಿ ಮೂಡಿರುವುದಿಲ್ಲ. ನಾಲ್ಕನೆಯದೋ ಐದನೆಯದೋ ಎಲೆಯನ್ನು ಆರಿಸಿಕೊಳ್ಳಿ. ಒಂದು ಗಿಡದಲ್ಲಿ ಕನಿಷ್ಠ ಮೂರು ಎಲೆ ನೋಡಿ, ಏಕೆಂದರೆ ಗ್ರಂಥಿಯನ್ನು ಹುಳು ತಿಂದಿರಬಹುದು ಅಥವಾ ಅದು ಉದುರಿರಬಹುದು. ಜೋಡಿಗಳನ್ನು ಎಣಿಸುವಾಗಲೂ ಉದುರಿದ ಕಿರುಎಲೆಯ ಕಲೆಯನ್ನು ಲೆಕ್ಕಕ್ಕೆ ಸೇರಿಸಿ.

ಸೊಪ್ಪಿಗೆಂದು ಹೋದವರು ಗಿಡ ಗಿಡಕ್ಕೂ ಈ ಪರೀಕ್ಷೆ ಮಾಡಬೇಕು. ಎರಡೂ ಒಂದೇ ಮಣ್ಣಿನಲ್ಲಿ ಬೆರೆತು ಬೆಳೆಯುವುದರಿಂದ ಮೊದಲ ಗಿಡ ನೋಡಿ ಇಡೀ ಬದುವನ್ನು ನಂಬಬಾರದು. ನಾಲ್ಕನೆಯ ಜೋಡಿ ಕಂಡರೆ, ತುದಿ ಚೂಪಾಗಿದ್ದರೆ, ಬುಡದಲ್ಲಿ ಗುಬುಟು ಕಂಡರೆ, ಈ ಮೂರರಲ್ಲಿ ಒಂದೇ ಕಂಡರೂ ಆ ಗಿಡವನ್ನು ಬಿಟ್ಟು ಮುಂದೆ ಹೋಗಿ. ವಾಸನೆಯನ್ನು ನಂಬಿ ನಿರ್ಧರಿಸಬೇಡಿ. ದೊಡ್ಡ ತಗಚೆಯ ನಾತ ಹೆಚ್ಚು ಎಂಬುದು ನಿಜವಾದರೂ ಎರಡನ್ನೂ ಪಕ್ಕಪಕ್ಕದಲ್ಲಿ ಮೂಸಿದವರಿಗೆ ಮಾತ್ರ ಆ ವ್ಯತ್ಯಾಸ ತಿಳಿಯುತ್ತದೆ. ಹಳದಿ-ಬಿಳಿ ಎಮಿಗ್ರೆಂಟ್ ಚಿಟ್ಟೆಗಳ ಹಸಿರು ಹುಳುಗಳು ಎಲೆ ಮೇಯುತ್ತಿವೆ, ಆದ್ದರಿಂದ ಇದು ತಿನ್ನಬಹುದಾದ ಗಿಡ ಎಂದುಕೊಳ್ಳುವುದೂ ತಪ್ಪು. ಅವು ಈ ಕುಲದ ಹಲವು ಗಿಡಗಳನ್ನು ತಿನ್ನುತ್ತವೆ.

ಗ್ರಂಥಿ ಬುಡದಲ್ಲಿದ್ದರೆ ಇನ್ನೂ ಎರಡು ಸಂಶಯ

ದೊಡ್ಡ ತಗಚೆ ಎಂದು ತೀರ್ಮಾನಿಸುವ ಮೊದಲು ಅದರ ಎರಡು ಹತ್ತಿರದ ಬಂಧುಗಳನ್ನು ಬದಿಗೆ ಸರಿಸಬೇಕು. ಎರಡಕ್ಕೂ ಗ್ರಂಥಿ ಬುಡದಲ್ಲೇ.

ಕಿರುಎಲೆಗಳು ಆರರಿಂದ ಹತ್ತು ಜೋಡಿ ಇದ್ದು, ಕಿರಿದಾಗಿ ಈಟಿಯ ಮೊನೆಯಂತಿದ್ದರೆ ಸೆನ್ನಾ ಸೊಫೇರಾ. ಇದು ಪೊದೆಯಾಗಿ ಬೆಳೆಯುತ್ತದೆ. ಅದರ ಕಾಯಿ ಬಲಿತಾಗ ಉಬ್ಬಿಕೊಂಡು ಹೆಚ್ಚುಕಡಿಮೆ ಕೊಳವೆಯಾಗುತ್ತದೆ. ದೊಡ್ಡ ತಗಚೆಯದು ಚಪ್ಪಟೆಯಾಗಿಯೇ ಉಳಿಯುತ್ತದೆ. ಜೋಡಿಗಳು ಆರೇ ಇದ್ದಾಗ ಎಲೆಯಿಂದ ಮಾತ್ರ ಹೇಳುವುದು ಕಷ್ಟ, ಕಾಯಿಗೆ ಕಾಯಬೇಕು.

ಇಡೀ ಗಿಡಕ್ಕೆ ಕೂದಲಿದ್ದರೆ, ಎಲೆಯನ್ನು ಕೆನ್ನೆಗೆ ಸವರಿದಾಗ ರೋಮ ತಾಗಿದರೆ, ಅದು ಸೆನ್ನಾ ಹಿರ್ಸುಟಾ. ಇದರ ಕಾಯಿ ಉದ್ದ, ಕಿರಿದು, ಕೆಳಕ್ಕೆ ಬಾಗಿರುತ್ತದೆ, ಅದರ ಮೇಲೂ ದಟ್ಟ ರೋಮ. ಅಮೆರಿಕ ಖಂಡದಿಂದ ಬಂದ ಗಿಡ ಇದು.

ಗ್ರಂಥಿ ಹಲವಿದ್ದರೆ

ಜೋಡಿ ಜೋಡಿಗೂ ನಡುವೆ ಒಂದೊಂದು ತೆಳ್ಳನೆಯ ಮೊಳೆ ನೆಟ್ಟಗೆ ನಿಂತಿದ್ದು, ಜೋಡಿಗಳು ಎಂಟರಿಂದ ಹನ್ನೆರಡು ಇದ್ದರೆ ಕಣ್ಣು ಮುಚ್ಚಿ ತಂಗಡಿ ಎನ್ನಿ. ಆವರಿಕೆ, ಹೊನ್ನಾವರಿಕೆ ಎಂಬುದೂ ಇದೇ. ಚಿತ್ರದುರ್ಗ, ಬಳ್ಳಾರಿ, ತುಮಕೂರು ಕಡೆಯ ಒಣಭೂಮಿಯಲ್ಲಿ ಆಳೆತ್ತರದ ಪೊದೆಯಾಗಿ ಬೆಳೆಯುತ್ತದೆ. ಇದರ ತೊಗಟೆಯಲ್ಲಿ ಒಗರು ಹೆಚ್ಚು, ಅದರಿಂದಲೇ ಚರ್ಮ ಹದಮಾಡುತ್ತಿದ್ದರು. ನೆರೆಯ ತೆಲಂಗಾಣ ಇದನ್ನೇ ರಾಜ್ಯದ ಹೂವಾಗಿ ಆರಿಸಿಕೊಂಡಿದೆ. ಅಲ್ಲಿನ ಬತುಕಮ್ಮ ಹಬ್ಬದ ಹೂಗೋಪುರದಲ್ಲಿ ಇದಕ್ಕೆ ಮುಖ್ಯ ಜಾಗ. ಗ್ರಂಥಿ ನೋಡದೆಯೂ ತಂಗಡಿಯನ್ನು ಗುರುತಿಸಲು ಒಂದು ಉಪಾಯವಿದೆ. ಎಲೆತೊಟ್ಟು ಕಾಂಡಕ್ಕೆ ಸೇರುವ ಕಡೆ ಎರಡೂ ಬದಿಗೆ ಕಿವಿಯಾಕಾರದ ಅಗಲವಾದ ಪುಟ್ಟ ಎಲೆಗಳಿರುತ್ತವೆ, ಗಿಡ ಬಲಿತರೂ ಅವು ಉದುರುವುದಿಲ್ಲ. ತಗಚೆಯಲ್ಲಿ ಆ ಜಾಗದಲ್ಲಿ ಎಳೆಯಂಥ ಸಣ್ಣ ಕುಡಿ ಇದ್ದು ಬೇಗ ಬಿದ್ದುಹೋಗುತ್ತದೆ. ತಂಗಡಿಯ ಕಾಯಿ ಕಾಗದದಷ್ಟು ತೆಳು, ಅಗಲ, ಚಪ್ಪಟೆ. ಬೀಜದ ನಡುನಡುವೆ ತಗ್ಗು.

ಗ್ರಂಥಿ ಹಲವಿದ್ದೂ ಗಿಡ ಮೊಣಕಾಲೆತ್ತರದ್ದಾಗಿ, ಕಿರುಎಲೆಗಳು ಮೂರು ನಾಲ್ಕು ಜೋಡಿಯಷ್ಟೇ ಇದ್ದು, ಮೈಮೇಲೆ ಹೊಂಬಣ್ಣದ ರೋಮ ಕಂಡರೆ ಅದು ಸೆನ್ನಾ ಯೂನಿಫ್ಲೋರಾ. ತುದಿಯ ಜೋಡಿಯ ನಡುವೆ ಗ್ರಂಥಿ ಇಲ್ಲದಿರಬಹುದು. ಧಾರವಾಡದ ಸುತ್ತ ಓಡಾಡುವವರು ಇದನ್ನು ತಗಚೆಯೆಂದು ಬರೆದುಕೊಳ್ಳುವುದು ತೀರ ಸಾಮಾನ್ಯ. ಪಾರ್ಥೇನಿಯಂ ಕಳೆಯನ್ನು ಹತ್ತಿಕ್ಕಲು ಇದನ್ನು ಕರ್ನಾಟಕದಲ್ಲಿ ಎದುರಾಳಿಯಾಗಿ ಬಳಸಿ ನೋಡಿದ್ದರು. ಈಗ ಇದೇ ಒಂದು ಕಳೆಯಾಗಿ ರಸ್ತೆಯಂಚನ್ನು ಹಿಡಿದಿದೆ. ಸಂಶಯವಿದ್ದರೆ ಕಾಯಿ ನೋಡಿ: ಮೂರರಿಂದ ಐದು ಸೆಂಟಿಮೀಟರ್ ಅಷ್ಟೇ, ಬೀಜ ಬೀಜದ ನಡುವೆ ಹಿಸುಕಿದ ಹಾಗೆ ಗೆಣ್ಣುಗೆಣ್ಣು. ತಗಚೆಯ ಕಾಯಿ ಇದರ ಎರಡು ಮೂರು ಪಟ್ಟು ಉದ್ದ.

ಗ್ರಂಥಿಯೇ ಇಲ್ಲದಿದ್ದರೆ? ಉತ್ತರ ಕರ್ನಾಟಕದ ಒಣನೆಲದಲ್ಲಿ ಚೆಲ್ಲಿಕೊಂಡು ಬೆಳೆದು, ಬಾಗಿದ ಚಪ್ಪಟೆ ಕಾಯಿಯ ನಡುವೆ ಬೀಜದ ಸಾಲಿನುದ್ದಕ್ಕೂ ಏಣು ಎದ್ದಿರುವ ಗಿಡವಾದರೆ ಸೆನ್ನಾ ಇಟಾಲಿಕಾ. ಮದ್ದಿಗೆ ಬೆಳೆಸುವ ಸೋನಾಮುಖಿಯಲ್ಲೂ ಗ್ರಂಥಿಯಿಲ್ಲ. ಬಂಡೀಪುರ, ನಾಗರಹೊಳೆ ಕಡೆ ಕಾಡನ್ನೇ ನುಂಗುತ್ತಿರುವ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಕೂಡ ಗ್ರಂಥಿಯಿಲ್ಲದ್ದೇ, ಆದರೆ ಅದು ಮರ. ಅದನ್ನು ಈ ಗಿಡಗಳೊಂದಿಗೆ ಯಾರೂ ಗೊಂದಲ ಮಾಡಿಕೊಳ್ಳಲಾರರು.

ಕಾಯಿ ಬಂದ ಮೇಲೆ

ಸೆಪ್ಟೆಂಬರ್ ಕಳೆದ ಮೇಲೆ ಕೆಲಸ ಹಗುರವಾಗುತ್ತದೆ. ತಗಚೆಯ ಕಾಯಿ ನೂಲಿನಂತೆ ತೆಳ್ಳಗೆ, ಹತ್ತು ಹದಿನೈದು ಸೆಂಟಿಮೀಟರ್ ಉದ್ದ, ಅಗಲ ಅರ್ಧ ಸೆಂಟಿಮೀಟರ್ ಕೂಡ ಇಲ್ಲ, ಕುಡುಗೋಲಿನ ಹಾಗೆ ಬಾಗಿರುತ್ತದೆ. ಬೆರಳಲ್ಲಿ ಉರುಳಿಸಿದರೆ ಮೂಲೆಗಳು ತಾಗುತ್ತವೆ. ಬೀಜ ಹೊಳೆಯುವ ಕಂದು, ಓರೆಯಾಗಿ ಕತ್ತರಿಸಿದ ಹರಳಿನ ಆಕಾರ. ದೊಡ್ಡ ತಗಚೆಯ ಕಾಯಿ ಸುಮಾರು ಎಂಟು ಮಿಲಿಮೀಟರ್ ಅಗಲ, ಚಪ್ಪಟೆ, ಹೆಚ್ಚುಕಡಿಮೆ ನೇರ, ಮೇಲ್ಮುಖವಾಗಿ ನಿಲ್ಲುವಂಥದು. ಅದರ ನಡುಭಾಗ ಕಂದು, ಎರಡು ಅಂಚು ತಿಳಿಬಣ್ಣ. ದೂರದಿಂದಲೇ ಕಾಣುವ ಈ ಎರಡು ಬಣ್ಣದ ಪಟ್ಟಿಯನ್ನು ಮಕ್ಕಳಿಗೆ ತೋರಿಸಿಕೊಡಿ. ಗ್ರಂಥಿಯ ಪಾಠ ಅವರಿಗೆ ಆಮೇಲೆ ಸಾಕು, ಈ ಕಾಯಿಯನ್ನು ಬಾಯಿಗೆ ಹಾಕಬಾರದು ಎಂಬುದು ಮೊದಲು ತಿಳಿಯಬೇಕು.

ಹೂವಿನಿಂದ ಏನು ತಿಳಿಯುತ್ತದೆ

ಹೂವಿನಿಂದ ತಿಳಿಯುವುದು ಕಡಿಮೆ, ಆದರೆ ನೋಡಲು ಬಹಳ ಇದೆ. ತಗಚೆಯಲ್ಲಿ ಎಲೆಯ ಕಂಕುಳಲ್ಲಿ ಸಾಮಾನ್ಯವಾಗಿ ಎರಡೆರಡು ಹೂ, ಸಣ್ಣವು. ತಂಗಡಿಯಲ್ಲಿ ಕೊಂಬೆಯ ತುದಿಗೆ ದೊಡ್ಡ ಹೂಗಳ ಗೊಂಚಲು. ಯಾವುದರಲ್ಲೂ ಮಕರಂದವಿಲ್ಲ, ದುಂಬಿ ಬರುವುದು ಪರಾಗಕ್ಕೇ. ಪರಾಗಕೋಶದ ತುದಿಯಲ್ಲಿ ಸಣ್ಣ ರಂಧ್ರವಷ್ಟೇ ಇರುವುದರಿಂದ ಬಡಗಿ ದುಂಬಿ ಹೂವನ್ನು ಅಪ್ಪಿ ಹಿಡಿದು ರೆಕ್ಕೆಯ ಸ್ನಾಯುಗಳನ್ನು ಅದುರಿಸಿ ಪರಾಗವನ್ನು ಉದುರಿಸಿಕೊಳ್ಳುತ್ತದೆ. ತಂಗಡಿಯ ಪೊದೆಯ ಹತ್ತಿರ ಬೆಳಿಗ್ಗೆ ನಿಂತರೆ ಆ ಝೇಂಕಾರ ಕಿವಿಗೆ ಸ್ಪಷ್ಟವಾಗಿ ಬೀಳುತ್ತದೆ. ಈ ಕುಲದ ಹಲವು ಗಿಡಗಳಲ್ಲಿ ಒಂದು ಹೂವಿನ ಶಲಾಕೆ, ಅಂದರೆ ನಡುವಿನ ಹೆಣ್ಣುಭಾಗದ ಕಡ್ಡಿ, ಎಡಕ್ಕೆ ಬಾಗಿದ್ದರೆ ಅದೇ ಗಿಡದ ಇನ್ನೊಂದು ಹೂವಿನದು ಬಲಕ್ಕೆ ಬಾಗಿರುತ್ತದೆ. ಅದನ್ನು ಎರಡು ಪ್ರಭೇದದ ಗುರುತೆಂದು ತಿಳಿಯಬೇಡಿ.

ತಗಚೆಯೊಳಗಿನ ಇನ್ನೊಂದು ತಗಚೆ

ಇಲ್ಲಿಗೆ ನಿಲ್ಲಿಸಿದರೂ ಸೊಪ್ಪಿನವರಿಗೆ ತೊಂದರೆಯಿಲ್ಲ. ಇನ್ನೂ ಒಂದು ಹೆಜ್ಜೆ ಹೋಗುವ ಆಸೆಯುಳ್ಳವರಿಗೆ ಮುಂದಿನ ಮಾತು. ಮೂರು ಜೋಡಿಯ ತಗಚೆಯಂತೆಯೇ ಕಾಣುವ ಸೆನ್ನಾ ಒಬ್ಟುಸಿಫೋಲಿಯಾ ಎಂಬುದೊಂದಿದೆ. ಲಿನ್ನೇಯಸ್ 1753ರಲ್ಲೇ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟಿದ್ದ. ಆದರೂ ಆಮೇಲಿನ ಎಷ್ಟೋ ಪುಸ್ತಕಗಳು ಎರಡನ್ನೂ ಒಂದೇ ಎಂದು ಸೇರಿಸಿಬಿಟ್ಟವು. ಆದ್ದರಿಂದ ಹಳೆಯ ದಾಖಲೆಯಲ್ಲಿ ಟೋರಾ ಎಂದಿದ್ದದ್ದು ನಿಜವಾಗಿ ಯಾವುದೆಂದು ಒಣಗಿಸಿಟ್ಟ ಮಾದರಿ ನೋಡದೆ ಹೇಳಲಾಗದು.

ಹೊಲದಲ್ಲಿ ಹೀಗೆ ನೋಡಿ. ಟೋರಾದಲ್ಲಿ ಕೆಳಗಿನ ಎರಡು ಜೋಡಿಯ ನಡುವೆಯೂ ಗ್ರಂಥಿ, ಒಬ್ಟುಸಿಫೋಲಿಯಾದಲ್ಲಿ ಕೆಳತುದಿಯ ಒಂದು ಜೋಡಿಯ ನಡುವೆ ಮಾತ್ರ. ಹೂತೊಟ್ಟು ಟೋರಾದಲ್ಲಿ ಗಿಡ್ಡ, ಸುಮಾರು ಒಂದು ಸೆಂಟಿಮೀಟರ್. ಇನ್ನೊಂದರಲ್ಲಿ ಅದರ ಎರಡರಷ್ಟು ಅಥವಾ ಇನ್ನೂ ಉದ್ದ. ಇವೆರಡೂ ಹೊಂದಿಕೊಳ್ಳದಿದ್ದರೆ ಬೀಜವೇ ತೀರ್ಪು ಹೇಳಬೇಕು. ಬೀಜದ ಎರಡು ಮಗ್ಗುಲಲ್ಲೂ ತಿಳಿಬಣ್ಣದ ಒಂದು ಪಟ್ಟಿ ಇರುತ್ತದೆ. ಟೋರಾದಲ್ಲಿ ಅದು ಒಂದೂವರೆ ಎರಡು ಮಿಲಿಮೀಟರ್ ಅಗಲ, ಬರಿಗಣ್ಣಿಗೇ ಕಾಣುತ್ತದೆ. ಒಬ್ಟುಸಿಫೋಲಿಯಾದಲ್ಲಿ ಅರ್ಧ ಮಿಲಿಮೀಟರ್‌ಗೂ ಕಡಿಮೆ, ಗೆರೆ ಎಳೆದಂತೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಬಹುದಾದ ಗುರುತು ಇದೇ. ಮಳೆಗಾಲದ ಗ್ರಂಥಿಯ ಚಿತ್ರವನ್ನೂ ಚಳಿಗಾಲದ ಬೀಜವನ್ನೂ ಒಂದೇ ಗಿಡದಿಂದ ಸಂಗ್ರಹಿಸಬೇಕು. ಅದಕ್ಕಾಗಿ ಆ ಗಿಡಕ್ಕೆ ಬಣ್ಣದ ದಾರ ಕಟ್ಟಿ ಗುರುತು ಮಾಡಿಟ್ಟು, ನಾಲ್ಕು ತಿಂಗಳ ನಂತರ ಮತ್ತೆ ಹೋಗಬೇಕಾಗುತ್ತದೆ.

ದಾಖಲಿಸುವಾಗ

ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅಥವಾ ಐನ್ಯಾಚುರಲಿಸ್ಟ್‌ನಲ್ಲಿ ಚಿತ್ರ ಹಾಕಿದರೆ ತಿಳಿದವರು ನೋಡಿ ಹೆಸರು ಹೇಳುತ್ತಾರೆ. ಆದರೆ ಬರೀ ಹೂವಿನ ಚಿತ್ರ ಹಾಕಿದರೆ ಅವರಿಗೂ ಕುಲದ ಹೆಸರಿನಾಚೆ ಹೋಗುವುದು ಕಷ್ಟ. ಇಡೀ ಗಿಡ, ಬುಡದಿಂದ ತುದಿಯವರೆಗಿನ ಒಂದು ಪೂರ್ತಿ ಎಲೆ, ಗ್ರಂಥಿಯ ಹತ್ತಿರದ ಚಿತ್ರ, ಎಲೆತೊಟ್ಟಿನ ಬುಡ, ಅಳತೆಪಟ್ಟಿಯ ಪಕ್ಕ ಇಟ್ಟ ಕಾಯಿ, ಬಿಡಿಸಿದ ಬೀಜ ಇಷ್ಟೂ ಇರಲಿ. ಗ್ರಂಥಿ ಇಲ್ಲದ ಜಾಗವನ್ನೂ ಚಿತ್ರ ತೆಗೆಯಿರಿ. ಬುಡದಲ್ಲಿ ಗ್ರಂಥಿಯಿಲ್ಲ ಎಂಬುದೂ ಒಂದು ಸಾಕ್ಷಿಯೇ. ಮಣ್ಣು ಯಾವುದು, ಜಾಗ ಹೊಲವೋ ರಸ್ತೆಯಂಚೋ, ಗಿಡದ ಎತ್ತರ ಎಷ್ಟು, ಊರಿನವರು ಅದನ್ನು ಏನೆಂದು ಕರೆಯುತ್ತಾರೆ, ಸೊಪ್ಪು ತಿನ್ನುತ್ತಾರೆಯೇ ಎಂಬುದನ್ನು ಅಲ್ಲಿಯೇ ನಿಂತು ಬರೆದುಕೊಳ್ಳಿ. ಕೊನೆಯ ಎರಡು ಪ್ರಶ್ನೆಗಳನ್ನು ಸೊಪ್ಪು ಕೊಯ್ಯುವ ಹೆಂಗಸರಲ್ಲೇ ಕೇಳಿ, ಮತ್ತು ಅವರು ಬೇಡವೆಂದು ಬಿಟ್ಟ ಗಿಡ ಯಾವುದೆಂದು ತೋರಿಸಲು ಹೇಳಿ. ಆ ಗಿಡದ ಎಲೆಯನ್ನೂ ಬುಡಸಮೇತ ಬಿಡಿಸಿ, ಗ್ರಂಥಿ ಎಲ್ಲಿದೆ ನೋಡಿ.